ಮೂರನೆಯ ಕೂಗು

ಹೊಸಳಿವೆಯಲ್ಲಿ ಯಾರಾದರೂ ಕೂಗಿದರೆ ತಕ್ಷಣ ಓಗೊಡುವ ರೂಢಿ ಹಿಂದಿನಿಂದಲೂ ಇರಲಿಲ್ಲ. ಮುಸ್ಸಂಜೆಯ ಹೊತ್ತಿಗೆ ಅಂಗಳದಾಚೆಯಿಂದ ಹೆಸರು ಹಿಡಿದು ಕರೆದರೆ ಒಳಗಿದ್ದವರು ಮೊದಲ ಸಲಕ್ಕೆ ಸುಮ್ಮನಿರುತ್ತಿದ್ದರು. ಎರಡನೆಯ ಸಲಕ್ಕೆ ಕೈಯ ಕೆಲಸ ನಿಲ್ಲಿಸುತ್ತಿದ್ದರು. ಮೂರನೆಯ ಸಲ ಕರೆದರೆ ಮಾತ್ರ ಎದ್ದು ಬಾಗಿಲಿಗೆ ಬರುತ್ತಿದ್ದರು. ಸತ್ತವರು ಎರಡು ಸಲಕ್ಕಿಂತ ಹೆಚ್ಚು ಕರೆಯುವುದಿಲ್ಲ ಎಂಬುದು ಹಿರಿಯರ ನಂಬಿಕೆ. ಶಾಲೆ ಕಲಿತವರು ಇದಕ್ಕೆ ನಗುತ್ತಿದ್ದರು, ಆದರೆ ಅವರೂ ಮೊದಲ ಕರೆಗೆ ಏಳುತ್ತಿರಲಿಲ್ಲ.

ಆ ರೂಢಿ ಮನೆಬಾಗಿಲಿನಿಂದ ಕಡಲಿಗೆ ಇಳಿದದ್ದು ಈರಣ್ಣ ಹಡಪದನ ಯಂತ್ರ ಬಂದ ಮೇಲೆ.

ದಡದ ನೀರು ಬಿಸಿಯೇರತೊಡಗಿ ಆಗಲೇ ಹತ್ತು ವರ್ಷವಾಗಿತ್ತು. ಮೀನು ಆಳಕ್ಕೆ ಸರಿದಿತ್ತು. ಮೀನಿನ ಬದಲಿಗೆ ಊರವರು ಬೆಳೆಯತೊಡಗಿದ ಕಡಲಪಾಚಿಯೂ ದಡದಲ್ಲಿ ಬಿಳಿಚಿ ಕೊಳೆಯುತ್ತಿತ್ತು. ಹಾಗಾಗಿ ಪಾಚಿ ಕಟ್ಟಿದ ಬಿದಿರಿನ ತೆಪ್ಪಗಳನ್ನು ವರ್ಷ ವರ್ಷವೂ ತಂಪು ನೀರು ಹುಡುಕಿಕೊಂಡು ದೂರ ದೂರಕ್ಕೆ ಒಯ್ಯಬೇಕಾಗಿತ್ತು. ಈಗ ಹನ್ನೊಂದು ತೆಪ್ಪಗಳು ದಡದಿಂದ ನಲವತ್ತು ಕಿಲೋಮೀಟರು ಆಚೆ ತೇಲುತ್ತಿದ್ದವು. ಬಡಗಣ ಸಾಲಿನಲ್ಲಿ ಆರು, ತೆಂಕಣ ಸಾಲಿನಲ್ಲಿ ಐದು, ಒಂದರಿಂದ ಇನ್ನೊಂದಕ್ಕೆ ನಾಲ್ಕೈದು ಕಿಲೋಮೀಟರು. ಬಿಸಿಲಿನಿಂದ ಓಡುವ ದೊಡ್ಡ ದೋಣಿಯೊಂದು ಬೆಳಗಿನ ಜಾವ ಹನ್ನೊಂದು ಕಯಾಕುಗಳನ್ನು ಹಗ್ಗಕ್ಕೆ ಪೋಣಿಸಿ ಎಳೆದುಕೊಂಡು ಹೋಗಿ ತೆಪ್ಪಕ್ಕೆ ಒಂದರಂತೆ ಬಿಟ್ಟು, ಸಂಜೆ ನಾಲ್ಕರ ಮೇಲೆ ಒಂದೊಂದಾಗಿ ಹೆಕ್ಕಿಕೊಂಡು ಬರುತ್ತಿತ್ತು. ಅದಕ್ಕೆ ತಾಯಿದೋಣಿ ಎಂದು ಹೆಸರು. ಎರಡೂ ತುದಿ ಚೂಪಾದ ಹಳದಿ ಕಯಾಕಿಗೆ ಊರವರು ಬಾಳೆಕಾಯಿ ಎನ್ನುತ್ತಿದ್ದರು. ಒಂದು ಬಾಳೆಕಾಯಿಗೆ ಒಬ್ಬರೇ. ಮುಕ್ಕಾಲು ಪಾಲು ಹೆಂಗಸರು.

ಬಾಳೆಕಾಯಿಯಲ್ಲಿ ಕೂತವರ ತಲೆ ನೀರಿನಿಂದ ಮೂರಡಿ ಮೇಲಿರುತ್ತದೆ. ಅಷ್ಟು ತಗ್ಗಿನಿಂದ ಹೊರಟ ರೇಡಿಯೊ ದನಿ ಭೂಮಿಯ ಉಬ್ಬನ್ನು ದಾಟಲಾರದು. ಏಳೆಂಟು ಕಿಲೋಮೀಟರು ಹೋಗುವಷ್ಟರಲ್ಲಿ ಆಕಾಶದ ಪಾಲಾಗುತ್ತದೆ. ಮುಳುಗುವವರು ಎಷ್ಟು ಕೂಗಿದರೂ ಹೊಸಳಿವೆಗೆ ಕೇಳಿಸುತ್ತಿರಲಿಲ್ಲ. ಇದಕ್ಕೊಂದು ಉಪಾಯ ಮಾಡಲೆಂದು ಬಂದವನು ಈರಣ್ಣ. ಗದಗ ಜಿಲ್ಲೆಯ ಎರೆಭೂಮಿಯ ಮನುಷ್ಯ, ಇಪ್ಪತ್ತಾರು ತುಂಬುವವರೆಗೆ ಕಡಲು ಕಂಡವನಲ್ಲ. ಅವನು ಕಂಡುಕೊಂಡದ್ದು ಇಷ್ಟು. ಕಡಲಿನ ಮೈಯಿಂದ ಸದಾ ಏಳುವ ಹಬೆ ನೀರಿಗೆ ಅಂಟಿಕೊಂಡು ಒಂದು ಪದರವಾಗಿ ನಿಲ್ಲುತ್ತದೆ, ಒಂದು ಹೊತ್ತಿಗೆ ಸೊಂಟದೆತ್ತರ, ಇನ್ನೊಂದು ಹೊತ್ತಿಗೆ ತೆಂಗಿನ ಮರದೆತ್ತರ. ಅದರೊಳಗೆ ಸಿಕ್ಕಿದ ದನಿ ಮೇಲೆ ಹಾರದೆ ನೀರಿನ ಮೈಗುಂಟ ಬಾಗಿ ಹರಿಯುತ್ತದೆ. ಹೊಲದಲ್ಲಿ ಚೆಲ್ಲಿದ ನೀರು ನಾಲ್ಕು ಮಾರಿಗೆ ಇಂಗುತ್ತದೆ, ಕಾಲುವೆಗೆ ಬಿಟ್ಟ ನೀರು ಮುಂದಿನ ಊರಿಗೂ ಹೋಗುತ್ತದೆ ಎಂದು ಅವನು ಹೆಂಗಸರಿಗೆ ವಿವರಿಸಿದ್ದ.

ಬಾಳೆಕಾಯಿಯ ಹಿಂಬದಿಯ ಕೋಲಿನ ಮೇಲೆ ಯಂತ್ರದ ಪುಟ್ಟ ಮೂಗೊಂದು ಏರುತ್ತ ಇಳಿಯುತ್ತ ಹಬೆಯನ್ನು ಮೂಸಿ, ದಾರಿ ತೆರೆದಿರುವ ಎತ್ತರದಲ್ಲಿ ನಿಂತು ದನಿಯನ್ನು ಬಿಡುತ್ತಿತ್ತು. ದಾರಿ ಮುಚ್ಚಿದ್ದರೆ ದನಿಯನ್ನು ಒಳಗಿಟ್ಟುಕೊಂಡು ಕಾಯುತ್ತಿತ್ತು. ತೆರೆದಾಗ, ಸಿಕ್ಕಿದ ಇನ್ನೊಂದು ರೇಡಿಯೊಗೆ ಒಪ್ಪಿಸುತ್ತಿತ್ತು. ನಡುವಿನ ರೇಡಿಯೊಗಳು ದನಿಯನ್ನು ಹೊರುತ್ತಿದ್ದವು, ಆದರೆ ತೆರೆದು ಕೇಳಿಸುತ್ತಿರಲಿಲ್ಲ. ಬ್ಯಾಟರಿ ಉಳಿಯಬೇಕಿತ್ತು. ಹೀಗೆ ದಾಟಿ ದಾಟಿ ಅದು ದಡದಲ್ಲಿ ಹಳೆಯ ಐಸ್ ಪ್ಲಾಂಟಿನ ಒಂದು ಕೋಣೆಗೆ ಬಂದು ಬೀಳುತ್ತಿತ್ತು. ಆ ಕೋಣೆಗೆ ಕೇಳುಮನೆ ಎಂದು ಹೆಸರಾಯಿತು. ಒಂದು ದಾರಿ ತಪ್ಪಿದರೂ ಇನ್ನೊಂದು ಇರಲೆಂದು ಪ್ರತಿ ಕೂಗೂ ಎರಡು ದಾರಿಗಳಿಂದ ಎರಡು ಸಲ ಬಂದು ಕೇಳಿಸುತ್ತಿತ್ತು. ಮೂರನೆಯ ಸಲ ಕೇಳಿಸಬೇಕಾದರೆ ಕೂಗುವವರೇ ಮತ್ತೆ ಗುಂಡಿ ಒತ್ತಬೇಕು.

ಇದರಿಂದ ದೂರವೇನೋ ಕೈಗೆ ಸಿಕ್ಕಿತು, ಆದರೆ ಹೊತ್ತಿನ ಲೆಕ್ಕ ತಪ್ಪಿತು. ದನಿ ಹತ್ತು ನಿಮಿಷಕ್ಕೂ ಬರಬಹುದು, ಎರಡು ತಾಸಿಗೂ ಬರಬಹುದು. ಯಂತ್ರದೊಳಗೆ ಗಡಿಯಾರವಿತ್ತು ನಿಜ. ಆದರೆ ಬ್ಯಾಟರಿ ಸೋತಾಗ, ಉಪ್ಪುನೀರು ಹೊಕ್ಕಾಗ ಮೊದಲು ಕೆಡುತ್ತಿದ್ದುದೂ ಅದೇ. ನೆಟ್ಟಗಿದ್ದವರ ಕೂಗಿಗೆ ತಾರೀಕು ಸರಿಯಾಗಿರುತ್ತಿತ್ತು. ಮುಳುಗುವವರ ಕೂಗು ಯಾವತ್ತಿನದೆಂದು ಹೇಳಲು ಬರುತ್ತಿರಲಿಲ್ಲ.

ಸುಕೇಶ ಎಂಬ ಹುಡುಗ ಆರನೆಯ ತೆಪ್ಪದ ಬಳಿ ಮುಳುಗಿ ಸತ್ತಾಗ ಇದು ಯಾರಿಗೂ ಹೊಳೆದಿರಲಿಲ್ಲ. ಅವನ ಕೂಗು ಆ ದಿನ ಕೇಳುಮನೆಗೆ ಮುಟ್ಟಲೇ ಇಲ್ಲ. ಹೆಣ ಸಿಕ್ಕಿತು, ಮಣ್ಣಾಯಿತು. ಎಂಟು ದಿನ ಕಳೆದ ಮೇಲೆ ಒಂದು ಸಂಜೆ ಕೇಳುಮನೆಯಲ್ಲಿ ಗಂಡುದನಿಯೊಂದು, ನಾ ಮಗಚಿದೆ, ಆರನೇ ತೆಪ್ಪ, ಬೇಗ ಬನ್ನಿ ಎಂದು ಎರಡು ಸಲ ಕೂಗಿತು. ಈರಣ್ಣ ದನಿಯ ಗುರುತು ಹಿಡಿಯದೆ ತಾಯಿದೋಣಿಗೆ ಹೇಳಿದ. ಆಗ ಅದನ್ನು ನಡೆಸುತ್ತಿದ್ದವನು ನಾರ್ಣ ಮೊಗವೀರ. ಎದ್ದ ಗಾಳಿಯಲ್ಲಿ ಹಿಂದುಮುಂದು ನೋಡದೆ ಹೊರಟು, ನೀರೊಳಗಿನ ಬಂಡೆಗೆ ದೋಣಿ ಬಡಿದು, ಅವನ ಎಡಗಾಲು ಮೂರು ಕಡೆ ಮುರಿಯಿತು. ಆಮೇಲೆ ತಿಳಿದದ್ದು: ಸುಕೇಶನ ದನಿಯನ್ನು ಹಿಡಿದಿದ್ದ ಒಂದು ಬಾಳೆಕಾಯಿ ಎಂಟು ದಿನ ರಿಪೇರಿಗೆಂದು ಚಪ್ಪರದಡಿ ಕವುಚಿ ಬಿದ್ದಿತ್ತು. ಮತ್ತೆ ಕಡಲಿಗೆ ಇಳಿಸಿದಾಗ, ದಾರಿ ತೆರೆದದ್ದೇ, ಅದು ನಿಯತ್ತಾಗಿ ತನ್ನ ಕೆಲಸ ಮುಗಿಸಿತ್ತು.

ಊರು ಸಭೆ ಸೇರಿತು. ಮೂರನೆಯ ಕೂಗಿಗೆ ಮಾತ್ರ ಓಗೊಡುವುದು ಎಂದಾಯಿತು. ಈರಣ್ಣ ಮೊದಲು ರೇಗಿದ. ಆಮೇಲೆ ಕೂತು ಲೆಕ್ಕ ಹಾಕಿ ನೋಡಿದರೆ ಹಿರಿಯರ ಮಾತೂ ತನ್ನ ಯಂತ್ರದ ಲೆಕ್ಕವೂ ಒಂದೇ ಆಗಿತ್ತು. ಹೊತ್ತು ತಂದ ದನಿ ಎರಡಕ್ಕೆ ಮುಗಿಯುತ್ತದೆ, ಮೂರನೆಯದು ಬದುಕಿದ್ದವರದೇ. ಅವನೇ ಕೇಳುಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ: ಮೂರನೆಯದಕ್ಕೆ ಓಗೊಡಿ. ಒಂದೂವರೆ ವರ್ಷ ಆ ಬರಹ ಒಮ್ಮೆಯೂ ಸುಳ್ಳಾಗಲಿಲ್ಲ.

ಕುಂಟುವ ನಾರ್ಣನಿಗೆ ಕೇಳುಮನೆಯ ಕುರ್ಚಿ ಸಿಕ್ಕಿತು. ತಾಯಿದೋಣಿ ಅವನ ಹೆಂಡತಿಯ ತಮ್ಮ ಶೀನನ ಕೈಗೆ ಹೋಯಿತು. ಹೆಂಡತಿ ಸೀತು ಹನ್ನೊಂದನೆಯ ತೆಪ್ಪಕ್ಕೆ ಹೋಗತೊಡಗಿದಳು. ಅದು ತೆಂಕಣ ಸಾಲಿನ ಕಟ್ಟಕಡೆಯದು.

*

ಏಪ್ರಿಲ್ ತಿಂಗಳ ಕೊನೆಯ ವಾರ. ಬೆಳಗಿನ ಜಾವ ನಾರ್ಣ ಗ್ಯಾಸಿನ ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಗಂಜಿ ಬೇಯಿಸುತ್ತಿದ್ದ. ಕಾಲು ಮುರಿದ ಮೇಲೆ ಅಡುಗೆ ಅವನದೇ. ಮೊದಮೊದಲು ಅನ್ನ ಮುದ್ದೆಯಾಗುತ್ತಿತ್ತು, ಸಾರು ಸೀದುಹೋಗುತ್ತಿತ್ತು. ಈಗ ಕೈ ಪಳಗಿತ್ತು. ಆದರೆ ಕಿವಿ ಒಲೆಯ ಕಡೆ ಇರುತ್ತಿರಲಿಲ್ಲ. ಹೊರಗೆ ತೆಂಗಿನ ಗರಿ ಯಾವ ಕಡೆ ತೊನೆಯುತ್ತಿದೆ ಎಂದು ಕೇಳುತ್ತ ಕೂರುವುದು ಅವನ ಚಾಳಿಯಾಗಿತ್ತು. ಆ ದಿನ ಗರಿಗಳು ತೆಂಕಣದಿಂದ ಬಡಗಣಕ್ಕೆ ಹೊಯ್ದಾಡುತ್ತಿದ್ದವು.

ಇವತ್ತು ಹೋಗುವುದು ಬೇಡ ಎಂದು ಅವನು ಹೇಳಿದ. ಸೀತು ಕೂದಲು ಗಂಟುಹಾಕಿಕೊಳ್ಳುತ್ತ, ಮೊನ್ನೆಯೂ ಹೀಗೇ ಹೇಳಿದಿರಿ, ಮೊನ್ನೆ ಎಲೆಯೂ ಅಲುಗಲಿಲ್ಲ ಎಂದಳು. ಫೆಬ್ರುವರಿಯಲ್ಲಿ ಅದೇ ತೆಪ್ಪದ ಬಳಿ ಮಗಚಿದ್ದು ಮರೆತುಹೋಯಿತೇ ಎಂದು ಅವನು ಕೇಳಿದ. ಮಗಚಿದೆ, ಮೂರು ಸಲ ಕೂಗಿದೆ, ಶೀನ ಬಂದ, ಅಷ್ಟೇ ತಾನೆ ಎಂದು ಅವಳು ಹೇಳಿದಳು. ಮಾತು ಒಂದಕ್ಕೊಂದು ಬೆಳೆಯಿತು. ಪಾಚಿ ಬೆಳೆದು ಕುತ್ತಿಗೆಗೆ ಬಂದಿದೆ, ಇವತ್ತು ಕೊಯ್ಯದಿದ್ದರೆ ನಾಳೆಗೆ ಹಗ್ಗ ಹರಿದುಕೊಂಡು ಹೋಗುತ್ತದೆ ಎಂಬುದು ಅವಳ ವಾದ. ಅವನ ವಾದಕ್ಕೆ ಆ ಗರಿಗಳ ಸದ್ದು ಬಿಟ್ಟರೆ ಬೇರೆ ಕಾರಣವಿರಲಿಲ್ಲ.

ಕೊನೆಗೆ ಅವಳು ಬಾಗಿಲ ಬಳಿ ನಿಂತು, "ಹ್ವಾಯ್, ಕಾಲ್ ಮುರ್ಕಂಡದ್ದ್ ನೀವ್. ಹೆದ್ರಿಕಿಯೂ ನಿಮ್ಗೇ ಇರ್ಲಿ. ನಂಗೆ ಎಂತಕ್ ಕೊಡ್ತ್ರಿ?" ಎಂದಳು.

ನಾರ್ಣ ಗಂಜಿಯನ್ನು ಸ್ಟೀಲ್ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿ, ಮೇಲಿನ ಬಟ್ಟಲಿಗೆ ಒಣಸಿಗಡಿ ಚಟ್ನಿಯನ್ನೂ ತುಂಬದೆ, ಅವಳ ಚೀಲದೊಳಗೆ ತುರುಕಿದ. ಅವಳು ಹೋದ ಎಷ್ಟೋ ಹೊತ್ತಿನವರೆಗೆ ಒಲೆಯ ಪಕ್ಕದಲ್ಲಿ ಉಪ್ಪಿನ ಭರಣಿ ಮುಚ್ಚಿದಂತೆಯೇ ಇದ್ದುದು ಅವನ ಗಮನಕ್ಕೆ ಬರಲಿಲ್ಲ. ಪಾತ್ರೆ ತೊಳೆಯುವಾಗ ತಳದಲ್ಲಿ ಉಳಿದ ಎರಡು ತುತ್ತು ಬಾಯಿಗೆ ಹಾಕಿಕೊಂಡ. ಸಪ್ಪೆಯಾಗಿತ್ತು. ಅಷ್ಟರಲ್ಲಿ ತಾಯಿದೋಣಿ ಅಳಿವೆ ದಾಟಿತ್ತು.

*

ಮಧ್ಯಾಹ್ನ ಕೇಳುಮನೆಯಲ್ಲಿ ಈರಣ್ಣ ಮೇಜಿನ ತುಂಬ ತಂತಿ ಹರಡಿಕೊಂಡು ಕೂತಿದ್ದ. ರಿಪೇರಿಯಾದ ನಾಲ್ಕು ರೇಡಿಯೊಗಳು ಅಂದು ಬೆಳಿಗ್ಗೆ ತಾನೇ ಕಡಲಿಗೆ ವಾಪಸು ಹೋಗಿದ್ದವು. ಫೆಬ್ರುವರಿಯಿಂದ ಅವು ಅಲ್ಲೇ ಕಪಾಟಿನಲ್ಲಿದ್ದಂಥವು. ಹೊಸ್ತಿಲ ಮೇಲೆ ಸುಕೇಶನ ತಾಯಿ ಚಿಕ್ಕು ಕೂತಿದ್ದಳು. ಮಗ ಹೋದ ಮೇಲೆ ಮಧ್ಯಾಹ್ನ ಉಂಡು ಅಲ್ಲಿಗೆ ಬಂದು ಕೂರುವುದು ಅವಳ ದಿನಚರಿ. ಎಂಟು ದಿನ ತಡವಾಗಿ ಬಂದದ್ದು ಇನ್ನೊಮ್ಮೆಯೂ ಬರಬಹುದು ಎಂಬ ಆಸೆಯೋ, ಬರಬಾರದೆಂಬ ಕಾವಲೋ, ಯಾರೂ ಕೇಳಿರಲಿಲ್ಲ. ಈರಣ್ಣ ಆ ದನಿಯನ್ನು ಒಂದು ಪೆಟ್ಟಿಗೆಯಲ್ಲಿ ಅಳಿಸದೆ ಇಟ್ಟಿದ್ದ. ಅವಳಿಗೂ ಅದು ಗೊತ್ತಿತ್ತು. ಕೇಳಿಸು ಎಂದು ಅವಳು ಒಮ್ಮೆಯೂ ಅಂದವಳಲ್ಲ.

ನಾರ್ಣ ಬಂದು ಕುರ್ಚಿಯಲ್ಲಿ ಕೂತವನು ಎದ್ದ. ಕಿಟಕಿಗೆ ಹೋಗಿ ಬಂದು ಕೂತ, ಮತ್ತೆ ಎದ್ದ.

"ಏನ್ರೀ ನಾರ್ಣಣ್ಣ, ಕುರ್ಚ್ಯಾಗ ಮುಳ್ಳ ಅದಾವೇನು?" ಎಂದು ಈರಣ್ಣ ಕೇಳಿದ.

ಗಂಜಿಗೆ ಉಪ್ಪು ಹಾಕುವುದು ಮರೆತೆ ಎಂದು ನಾರ್ಣ ಹೇಳಿದ. ಈರಣ್ಣ ನಕ್ಕು, ಅದಕ್ಯಾಕೆ ಇಷ್ಟು ಚಿಂತೆ, ಸುತ್ತ ಇರುವುದೆಲ್ಲ ಉಪ್ಪೇ ಅಲ್ಲವೇ ಎಂದ. ನಾರ್ಣನಿಗೆ ನಗು ಬರಲಿಲ್ಲ.

ಎರಡೂವರೆಗೆ ಗಾಳಿ ಜೋರಾಯಿತು. ಹಬೆಯ ಪದರ ತೋರಿಸುವ ಪರದೆಯ ಮೇಲೆ ಗೆರೆಗಳು ಹರಿದು ಚಿಂದಿಯಾದವು. ಗಾಳಿ ಹಬೆಯನ್ನು ಕಲಕಿದರೆ ದಾರಿ ಎಲ್ಲೆಂದರಲ್ಲಿ ತೆರೆದು ಎಲ್ಲೆಂದರಲ್ಲಿ ಮುಚ್ಚುತ್ತಿತ್ತು. ಹತ್ತಿರದವರ ತಲೆಯ ಮೇಲಿಂದ ಹಾದು ದೂರದಲ್ಲಿ ಇಳಿಯುವುದೂ ಇತ್ತು. ತಾಯಿದೋಣಿಯಲ್ಲಿ ಮಾತ್ರ ಉಪಗ್ರಹದ ಫೋನು ಇದ್ದುದರಿಂದ ಶೀನ ಮಾತಿಗೆ ಸಿಗುತ್ತಿದ್ದ. ಅರ್ಧ ತಾಸು ಮೊದಲೇ ಹೆಕ್ಕಲು ಶುರುಮಾಡುತ್ತೇನೆ, ಎಂದಿನಂತೆ ಮೊದಲು ಬಡಗಣ ಸಾಲು, ಆಮೇಲೆ ತೆಂಕಣ ಎಂದು ಅವನು ತಿಳಿಸಿದ. ಬಡಗಣದಲ್ಲಿ ಆರು ಜನ, ಅವರಲ್ಲಿ ಇಬ್ಬರು ಈ ವರ್ಷ ಹೊಸದಾಗಿ ಇಳಿದವರು. ನಾರ್ಣ ಸರಿ ಎಂದ.

ಮೂರು ಗಂಟೆ ಹತ್ತು ನಿಮಿಷಕ್ಕೆ ಯಂತ್ರ ಕಟಕಟ ಎಂದಿತು. ಮೊದಲು ಬರೀ ಮೊರೆತ. ಆಮೇಲೆ ಹೆಣ್ಣುದನಿ.

"...ಹನ್ನೊಂದನೇ ತೆಪ್ಪ... ಬಾಳೆಕಾಯಿ ಮಗಚಿತ್... ಹಗ್ಗ ಹಿಡ್ಕಂಡಿದೆ..."

ಮುಂದಿನದು ಗಾಳಿಯಲ್ಲಿ ಹರಿದುಹೋಯಿತು. ಪರದೆಯ ಮೇಲೆ ತಾರೀಕಿನ ಜಾಗದಲ್ಲಿ ಸೊನ್ನೆಗಳಿದ್ದವು.

ನಾರ್ಣನ ಕೈ ಓಗೊಡುವ ಗುಂಡಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. ದನಿ ಸೀತುವಿನದು. ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಫೆಬ್ರುವರಿಯಲ್ಲೂ ಅವಳು ಇದೇ ತೆಪ್ಪದಿಂದ ಇದೇ ಮಾತು ಹೇಳಿ ಕೂಗಿದ್ದಳು. ಬಾಳೆಕಾಯಿ ಮಗಚಿತ್, ಹಗ್ಗ ಹಿಡ್ಕಂಡಿದೆ. ಆ ಕೂಗನ್ನು ಹೊತ್ತ ರೇಡಿಯೊ ಯಾವುದಾದರೂ ಆ ನಾಲ್ಕರಲ್ಲಿ ಇದ್ದಿತೇ ಎಂದು ಅವನು ಈರಣ್ಣನ ಮುಖ ನೋಡಿದ. ಒಳಗಿನದೆಲ್ಲ ಅಳಿಸಿ ಕಳಿಸಿದಿರಾ ಎಂದು ನಾರ್ಣ ಕೇಳಿದ. ಮೂರನ್ನು ಅಳಿಸಿದ್ದು ನೆನಪಿದೆ, ನಾಲ್ಕನೆಯದು ನೆನಪಾಗುತ್ತಿಲ್ಲ ಎಂದು ಅವನು ಒಪ್ಪಿಕೊಂಡ.

ಅವರು ಕಾದರು. ಗೋಡೆಯ ಮೇಲಿನ ಬರಹ ಎದುರಿಗೇ ಇತ್ತು. ನಾರ್ಣ ಮುರಿದ ಕಾಲನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಆ ಸಂಜೆ ಬಂಡೆಗೆ ದೋಣಿ ಬಡಿದ ಸದ್ದು, ಮೂಳೆ ಮುರಿದ ಸದ್ದು, ಎರಡೂ ಒಂದೇ ಆಗಿ ಕೇಳಿದ್ದು ನೆನಪಾಯಿತು. ಊರ ಸಭೆಯಲ್ಲಿ ಎದ್ದು ನಿಂತು, ಮೂರಕ್ಕೆ ಮೊದಲು ಓಗೊಟ್ಟರೆ ಇನ್ನೊಬ್ಬರ ಕಾಲು ಹೋಗುತ್ತದೆ ಎಂದು ಹೇಳಿದವನು ಅವನೇ. ಈಗ ಶೀನನನ್ನು ತೆಂಕಣಕ್ಕೆ ತಿರುಗಿಸಿದರೆ ಬಡಗಣದ ಆರು ಜನ ಈ ಗಾಳಿಯಲ್ಲಿ ಇನ್ನೆರಡು ತಾಸು ಕಾಯಬೇಕು. ಕೂಗು ಹಳೆಯದಾಗಿದ್ದರೆ, ಸೀತು ತನ್ನ ತೆಪ್ಪದ ಮೇಲೆ ಕೂತು ಪಾಚಿ ಕಟ್ಟುತ್ತಿದ್ದರೆ, ಬಡಗಣದಲ್ಲಿ ಯಾರಾದರೂ ಹೋದರೆ, ಆ ಆರು ಮನೆಗಳ ಮುಂದೆ ತಾನು ಹೇಗೆ ನಡೆದಾಡಲಿ. ಕೂಗು ಇವತ್ತಿನದಾಗಿದ್ದರೆ?

ಹನ್ನೆರಡು ನಿಮಿಷ ಕಳೆಯಿತು. ಯಂತ್ರ ಮತ್ತೆ ಕಟಕಟ ಎಂದಿತು. ಅದೇ ಕೂಗು, ಬೇರೆ ದಾರಿಯಿಂದ. ಮೊದಲಿನ ಭಾಗ ಮುಳುಗಿಹೋಗಿ, ಈ ಸಲ ಹಿಂದಿನದು ಮೇಲೆ ಬಂತು.

"...ಹಗ್ಗ ಹಿಡ್ಕಂಡಿದೆ. ಬ್ಯಾಟ್ರಿ ಇಲ್ಲೆ, ಇನ್ ಕೂಗುಕ್ ಆತಿಲ್ಲೆ. ಗಂಜಿಗ್ ಉಪ್ಪ್ ಹಾಕ್ಲಿಲ್ಲೆ ನೀವ್, ಚಟ್ನಿಯೂ ಇಲ್ಲೆ..."

ಅಷ್ಟೇ. ಮೊರೆತವೂ ನಿಂತಿತು.

ಈರಣ್ಣ ಪರದೆಯ ಗೆರೆಗಳನ್ನೇ ನೋಡುತ್ತ, ಎರಡಾಯಿತು, ಮೂರನೆಯದು ಬರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅಭ್ಯಾಸಬಲದಿಂದ ಬಂದ ಮಾತು ಅದು. ನಾರ್ಣನಿಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ಕಿವಿಗೆ ಬಿದ್ದದ್ದು ಇನ್ನೂ ಒಳಗೆ ಇಳಿದಿರಲಿಲ್ಲ.

ಆಗ ಹೊಸ್ತಿಲ ಮೇಲಿನಿಂದ ಚಿಕ್ಕು ಮಾತಾಡಿದಳು. ಅವಳ ದನಿ ಏರಲಿಲ್ಲ.

"ನನ್ ಮಗ ಎರಡ್ ಸಲ ಕರ್ದ. ಎರಡ್ ಸಲವೂ ಉಪ್ಪ್ ಕೇಣ್ಲಿಲ್ಲೆ. ಅದ್ ಇವತ್ತಿಂದ್ ನಾರ್ಣ, ಏಳ್."

ನಾರ್ಣ ಗುಂಡಿ ಒತ್ತಿದ. ಅದು ಅವಳಿಗೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಒತ್ತಿದ. ಆಮೇಲೆ ಫೋನು ಎತ್ತಿದ.

ಶೀನ ಆಗಲೇ ಬಡಗಣಕ್ಕೆ ಮೂತಿ ತಿರುಗಿಸಿದ್ದ. ಹನ್ನೊಂದಕ್ಕೆ ನೇರ ಹೋಗು ಎಂದಾಗ ಗಾಳಿಯ ಸದ್ದಿನ ನಡುವೆ, "ಮೂರ್ ಆಯ್ತಾ ಭಾವ?" ಎಂದು ಕೇಳಿದ.

"ಇಲ್ಲೆ. ಒಂದೇ ಕೂಗ್, ಎರಡ್ ಸಲ ಬಂತ್."

"ಬಡಗಣದಗೆ ಆರ್ ಜನ ಇದ್ರ್."

"ಗೊತ್ತಿತ್ ಮಾರಾಯ."

ಶೀನ, ಹಳೆಯ ದನಿಯಾಗಿದ್ದರೆ ಏನು ಮಾಡುವುದು ಎಂದ. ತನ್ನ ಅಕ್ಕನ ವಿಷಯವಾದ್ದರಿಂದಲೇ ಅವನು ಹಾಗೆ ಕೇಳಿದ್ದು ನಾರ್ಣನಿಗೆ ಅರ್ಥವಾಯಿತು. ತನ್ನವರೆಂದು ಓಡಿಹೋದ ಎಂದು ನಾಳೆ ಯಾರೂ ಅನ್ನಬಾರದು.

"ಬೆಳಿಗ್ಗೆ ಗಂಜಿಗೆ ಉಪ್ಪ್ ಹಾಕುಕ್ ಮರ್ತಿದ್ದೆ. ಅದ್ ನಂಗ್ ಬಿಟ್ಟ್ರೆ ಈ ಕೋಣೆಯಗೆ ಇದ್ದ ಇಬ್ರಿಗೆ ಮಾತ್ರ ಗೊತ್ತಿತ್. ಡಬ್ಬಿ ಬಿಚ್ಚಿ ಉಂಡದ್ದಕ್ಕೆ ಅವ್ಳಿಗ್ ಗೊತ್ತಾಯ್ತ್. ಕೂಗ್‌ನಗೆ ಅದ್ನೇ ಬೈದಿದ್ಳ್."

ಫೋನಿನಲ್ಲಿ ಬರೀ ಗಾಳಿ. ಮತ್ತೆ ಮೋಟಾರಿನ ಸದ್ದು ಬದಲಾಯಿತು. ದೋಣಿ ತಿರುಗುವಾಗ ಆಗುವ ಸದ್ದು ಅದೆಂದು ಇಪ್ಪತ್ತು ವರ್ಷ ದೋಣಿ ನಡೆಸಿದವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

*

ಮುಂದಿನ ಎರಡು ತಾಸು ಬಡಗಣದವರಿಗೆ, ತಡವಾಗುತ್ತದೆ, ತೆಪ್ಪಕ್ಕೆ ಸೊಂಟ ಕಟ್ಟಿಕೊಳ್ಳಿ ಎಂದು ಈರಣ್ಣ ಹಬೆದಾರಿಯಲ್ಲಿ ಮತ್ತೆ ಮತ್ತೆ ಸಂದೇಶ ಬಿಡುತ್ತಿದ್ದ. ಮುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಾಲ್ಕು ಗಂಟೆಗೆ ಎರಡನೆಯ ತೆಪ್ಪದಿಂದ ಒಂದು ಬೈಗುಳ ಬಂತು. ಅಷ್ಟರಿಂದ ಅಲ್ಲಿ ಒಬ್ಬರಾದರೂ ನೆಟ್ಟಗಿದ್ದಾರೆಂದು ಗೊತ್ತಾಯಿತು. ನಾರ್ಣ ಕಿಟಕಿಗೂ ಕುರ್ಚಿಗೂ ನಡುವೆ ಕುಂಟುತ್ತಲೇ ಇದ್ದ. ಚಿಕ್ಕು ಎದ್ದು ಹೋಗಿ ಐಸ್ ಪ್ಲಾಂಟಿನ ಆಚೆಯ ಅಂಗಡಿಯಿಂದ ಮೂರು ಲೋಟ ಚಾ ತಂದಿಟ್ಟಳು. ಯಾರೂ ಕುಡಿಯಲಿಲ್ಲ.

ಐದು ಗಂಟೆ ಇಪ್ಪತ್ತಕ್ಕೆ ಫೋನು ಬಂತು.

"ಭಾವ, ಅಕ್ಕ ಸಿಕ್ಕಿದ್ಳ್," ಎಂದ ಶೀನ. ಅವನ ಉಸಿರು ಏದುತ್ತಿತ್ತು. ಬಾಳೆಕಾಯಿ ತೇಲಿಹೋಗಿದೆ, ತೆಪ್ಪ ಅರ್ಧ ಕಿತ್ತಿದೆ, ಪಾಚಿಯ ಹಗ್ಗವನ್ನು ಎದೆಗೆ ಸುತ್ತಿಕೊಂಡು ನೀರಲ್ಲೇ ಇದ್ದಳು, ತುಟಿ ನೀಲಿಯಾಗಿದೆ, ಆದರೆ ಮಾತಾಡುತ್ತಿದ್ದಾಳೆ ಎಂದು ಹೇಳಿದ. ಏನು ಮಾತಾಡುತ್ತಿದ್ದಾಳೆ ಎಂದು ನಾರ್ಣ ಕೇಳಿದ.

"ಇಷ್ಟ್ ತಡ ಎಂತಕಾಯ್ತ್ ಅಂತಿದ್ಳ್."

ನಾರ್ಣ ಫೋನು ಕೆಳಗಿಟ್ಟು, ಆರಿಹೋದ ಚಾವನ್ನು ಒಂದೇ ಗುಟುಕಿಗೆ ಕುಡಿದ.

ತೆಂಕಣದ ಉಳಿದ ನಾಲ್ವರನ್ನೂ ಬಡಗಣದ ಆರು ಜನರನ್ನೂ ಹೆಕ್ಕಿಕೊಂಡು ತಾಯಿದೋಣಿ ಅಳಿವೆ ಸೇರುವಾಗ ಕತ್ತಲಾಗಿತ್ತು. ಹೊಸಬರಲ್ಲಿ ಒಬ್ಬಳ ಭುಜದ ಕೀಲು ತಪ್ಪಿತ್ತು. ಅವಳ ಮಾವ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ನಾರ್ಣನಿಗೆ ನಾಲ್ಕು ಮಾತು ಬಿರುಸಾಗಿ ಹೇಳಿದ. ನಾರ್ಣ ಕೇಳಿಸಿಕೊಂಡ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

*

ಮರುದಿನ ಬೆಳಿಗ್ಗೆ ಈರಣ್ಣ ಮನೆಗೆ ಬಂದ. ಸೀತು ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದಳು. ಎದೆಯ ಸುತ್ತ ಹಗ್ಗ ಉಜ್ಜಿದ ಕಡೆ ಚರ್ಮ ಸುಲಿದು ಕೆಂಪಾಗಿತ್ತು. ಈರಣ್ಣ ರಾತ್ರಿ ನಿದ್ದೆ ಮಾಡಿರಲಿಲ್ಲ. ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಒಂದೇ ಕೂಗಿಗೆ ಆಗುವಷ್ಟು ಬ್ಯಾಟರಿ ಇದೆಯೆಂದು ತಿಳಿದೇ, ಇವತ್ತಿನ ಗುರುತಿರಲಿ ಎಂದು ಆ ಉಪ್ಪಿನ ಮಾತು ಸೇರಿಸಿದಿರೇನು, ಹಾಗಿದ್ದರೆ ನನ್ನ ಯಂತ್ರಕ್ಕಿಂತ ನಿಮ್ಮ ತಲೆ ದೊಡ್ಡದು ಎಂದು ಅವನು ಹೇಳಿದ.

ಸೀತು ಯೋಚಿಸಿದಳು. ಸುಳ್ಳು ಹೇಳಬಾರದೆಂದು ಯೋಚಿಸುವಂತೆ ಕಂಡಳು.

"ನಂಗೂ ಸಮಾ ಗೊತ್ತಿಲ್ಲೆ ಈರಣ್ಣ. ಒಂದ್ ತುತ್ತ್ ಉಂಡದ್ದೇ ಸಪ್ಪೆ, ಚೆಲ್ಲಿಬಿಟ್ಟೆ. ಹೊಟ್ಟಿ ಹಸೀತಿತ್ತ್. ಸಿಟ್ಟ್ ಬಂದಿತ್ತ್. ಕೂಗುಕ್ ಬಾಯಿ ತೆಗ್ದ್ರೆ ಅದೇ ಬಂತ್."

ಒಳಗೆ ಪಾತ್ರೆ ತೊಳೆಯುತ್ತಿದ್ದ ನಾರ್ಣನ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೊಳೆಯುವ ಸದ್ದು ಕೇಳಿತು.

ಈರಣ್ಣ ನೋಟ್‌ಬುಕ್ಕಿನಲ್ಲಿ ಏನೂ ಬರೆದುಕೊಳ್ಳದೆ ಎದ್ದ. ಆ ವಾರವೇ ಗೋಡೆಯ ಬರಹಕ್ಕೆ ಸುಣ್ಣ ಬಳಿಯಲಾಯಿತು. ಕೂಗುವವರು ಮೊದಲು ಅಂದು ಬುತ್ತಿಯಲ್ಲಿ ಏನಿತ್ತೆಂದು ಹೇಳಬೇಕು, ಆಮೇಲೆ ತೆಪ್ಪದ ಸಂಖ್ಯೆ, ಆಮೇಲೆ ಉಳಿದದ್ದು. ಬುತ್ತಿ ಕಟ್ಟಿದವರು ಏನು ಕಟ್ಟಿದ್ದೇವೆಂದು ಬೆಳಿಗ್ಗೆ ಕೇಳುಮನೆಗೆ ಬಂದು ಬರೆಸಿ ಹೋಗಬೇಕು. ಎರಡೂ ಕೂಡಿಬಂದರೆ ಮೊದಲ ಕೂಗಿಗೇ ಓಗೊಡುವುದು. ಊರಲ್ಲಿ ಕೆಲವು ದಿನ ಇದೊಂದು ತಮಾಷೆಯಾಯಿತು. ಯಾರ ಮನೆಯಲ್ಲಿ ಮೂರು ದಿನದಿಂದ ಬರೀ ಒಣಮೀನು, ಯಾರ ಅತ್ತೆ ಸೊಸೆಗೆ ನಿನ್ನೆಯ ಅನ್ನ ಕಟ್ಟಿದಳು ಎಂಬುದೆಲ್ಲ ಕೇಳುಮನೆಯಿಂದ ಹೊರಗೆ ಬರತೊಡಗಿತು. ಒಂದು ಮನೆಯಲ್ಲಿ ಜಗಳವೂ ಆಯಿತು.

ಇನ್ನೊಂದು ಕೆಲಸ ಉಳಿದಿತ್ತು. ಹಳೆಯ ದನಿಗಳನ್ನೆಲ್ಲ, ಕಪಾಟಿನವೂ ಪೆಟ್ಟಿಗೆಯವೂ ಸೇರಿ, ಅಳಿಸಬೇಕೆಂದು ಊರು ಹೇಳಿತ್ತು. ಈರಣ್ಣ ಎರಡು ದಿನ ತಡೆದು, ಕೊನೆಗೆ ಹೊಸ್ತಿಲ ಬಳಿ ಚಿಕ್ಕುವಿನ ಎದುರು ಕುಕ್ಕುರುಗಾಲಲ್ಲಿ ಕೂತು ಕೇಳಿದ. ಅವಳು ಕಡಲ ಕಡೆ ನೋಡುತ್ತ, ಆ ದಿನ ಬೆಳಿಗ್ಗೆ ಏನು ತಿಂದು ಹೋದೆನೆಂದು ಅವನು ಅದರಲ್ಲಿ ಹೇಳಿದ್ದಾನೆಯೇ ಎಂದು ಕೇಳಿದಳು. ಇಲ್ಲ, ತೆಪ್ಪದ ಸಂಖ್ಯೆ ಮಾತ್ರ ಇದೆ ಎಂದು ಅವನು ಹೇಳಿದ.

"ಕೊಟ್ಟೆ ಕಡುಬ್ ಮಾಡಿ ಕೊಟ್ಟಿದ್ದೆ. ಎರಡ್ ಸಾಲ್ದ್, ಇನ್ನೊಂದ್ ಬೇಕ್ ಅಂದಿದ್ದ. ಅದ್ ನನ್ ಹತ್ರ ಇತ್ತ್," ಎಂದಳು ಚಿಕ್ಕು. "ನಿಮ್ ಪೆಟ್ಟಿಗೆಯಗೆ ಇದ್ದದ್ದ್ ಹೋಯ್ಲಿ."

ಆಮೇಲೂ ಅವಳು ದಿನಾ ಬರುತ್ತಿದ್ದಳು. ಈಗ ಬೆಳಿಗ್ಗೆಯೇ ಬಂದು, ಬುತ್ತಿ ಬರೆಸುವವರ ಪಕ್ಕದಲ್ಲಿ ಕೂರುತ್ತಿದ್ದಳು.

ಸೀತು ಹದಿನೈದು ದಿನದ ಮೇಲೆ ಹೊಸ ಬಾಳೆಕಾಯಿ ಹತ್ತಿದಳು. ನಾರ್ಣ ಬೇಡ ಎನ್ನಲಿಲ್ಲ, ಗಾಳಿಯ ಮಾತೂ ಎತ್ತಲಿಲ್ಲ. ಬೆಳಗಿನ ಜಾವ ಒಲೆಯ ಮುಂದೆ ಕೂತು ಡಬ್ಬಿ ತುಂಬುವಾಗ ಅವನಿಗೊಂದು ಹೊಸ ಚಾಳಿ ಅಂಟಿಕೊಂಡಿತು. ನಿನ್ನೆಯಂತೆ ಇವತ್ತು ಇರಬಾರದು. ಒಂದು ದಿನ ಗಂಜಿಯ ತಳದಲ್ಲಿ ಒಂದು ಚೂರು ಬೆಲ್ಲ ಇಟ್ಟ. ಒಂದು ದಿನ ಮೆಣಸು ಹೆಚ್ಚು ಹಾಕಿದ. ಮತ್ತೊಂದು ದಿನ ಮಾವಿನಮಿಡಿಯ ಹೋಳೊಂದನ್ನು ಅನ್ನದ ನಡುವೆ ಅಡಗಿಸಿದ. ಕೇಳುಮನೆಯ ಪುಸ್ತಕದಲ್ಲಿ ತಾನೇ ಬರೆದುಕೊಂಡ. ಅವಳಿಗೆ ಮಾತ್ರ ಹೇಳಲಿಲ್ಲ.

ಒಂದು ಬೆಳಿಗ್ಗೆ ಸೀತು ಹೊರಡುವಾಗ ಡಬ್ಬಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ಇವತ್ತು ಏನು ಎಂದು ಕೇಳಿದಳು.

"ಉಂಡ್ ಕಾಣ್," ಎಂದ ನಾರ್ಣ.

ಅವಳು ದಕ್ಕೆಯ ಕಡೆ ಇಳಿದು ಹೋದಳು. ಅವನು ಉಪ್ಪಿನ ಭರಣಿಯ ಮುಚ್ಚಳವನ್ನು ತೆಗೆದು ನೋಡಿ, ಮುಚ್ಚಿ, ಮತ್ತೊಮ್ಮೆ ತೆಗೆದು ನೋಡಿದ. ಆಮೇಲೆ ಬಾಗಿಲಿಗೆ ಚಿಲಕ ಹಾಕಿ ಕೇಳುಮನೆಯ ಕಡೆ ಕುಂಟುತ್ತ ಬೇಗ ಬೇಗ ನಡೆದ. ಅವಳು ಡಬ್ಬಿ ಬಿಚ್ಚುವ ಮಧ್ಯಾಹ್ನದವರೆಗೆ ಏನೂ ಕೇಳಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು.